ಮಂಗಳವಾರದ ನಾಲಿಗೆ

“ಕಾಕಾ, ಇವತ್ತ ನೀವು ಹಸಿವಿಗೆ ತಿನ್ನೂದಲ್ಲ, ಕೆಲಸಕ್ಕ ತಿನ್ನೂದದ,” ಎನ್ನುತ್ತ ಮರೆಮ್ಮ ಸ್ಟೀಲಿನ ಸಣ್ಣ ತಟ್ಟೆಯನ್ನು ನನ್ನ ಮುಂದೆ ಚಾಚಿದಳು. ತಟ್ಟೆಯಲ್ಲಿ ಕೋಳಿಯ ಒಂದೇ ತುಂಡು. ಅಂಚು ಕಪ್ಪಗೆ ಸುಟ್ಟಿತ್ತು, ನಡುವೆ ಎಣ್ಣೆ ಇನ್ನೂ ಸಣ್ಣಗೆ ಮಾತಾಡುತ್ತಿತ್ತು.

“ಇಷ್ಟು ವರ್ಷ ಗಾಡಿ ಹೊಡೆದೆ, ಇಂಥಾ ನೌಕರಿ ಯಾರೂ ಕೊಡಲಿಲ್ಲ ನೋಡವಾ,” ಎಂದೆ.

“ನಗಬ್ಯಾಡ್ರಿ. ನಮ್ಮ ಮನಿಯವರು ಕಾತ್ರಜ ಬಸ್ ಸ್ಟ್ಯಾಂಡಿಗೆ ಹೋಗ್ಯಾರ, ಊರಿಂದ ಬರೂ ಅವ್ವನ್ನ ಕರ್ಕೊಂಡು ಬರ್ಲಾಕ. ನಾ ಬಾಯಾಗ ಇಡಂಗಿಲ್ಲ. ಒಂದು ಗಂಟಿಗೆ ಆ ಸುಲಭಾ ಮೇಡಂ ಬರ್ತಾರ. ನೀವೇ ನೋಡಿ ಹೇಳಬೇಕು.”

ಅವತ್ತು ಮಂಗಳವಾರ. ಮರೆಮ್ಮ ಹಿಡಿಯುವುದು ಎಲ್ಲಮ್ಮನ ವಾರ. ನಸುಕಿನಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡು ದೇವರ ಮುಂದೆ ದೀಪ ಹಚ್ಚಿದಳೆಂದರೆ, ಮರುದಿನ ಬೆಳಗಾಗುವ ತನಕ ಮಾಂಸದ ಚೂರೂ ಅವಳ ಬಾಯಿಗೆ ಹೋಗುವುದಿಲ್ಲ. ಹಾಗಂತ ಗಾಡಿ ಮುಚ್ಚುವಂತಿಲ್ಲ. ಪುಣೆಯ ಈ ವಿಮಾನ ನಗರದ ಆಫೀಸುಗಳಿಗೆ ಮಂಗಳವಾರವೂ ಹಸಿವಾಗುತ್ತದೆ. ಅದಕ್ಕೆ ಅವಳು ದೇವಿಯ ಜೊತೆ ಒಂದು ಮಾತು ಮಾಡಿಕೊಂಡಿದ್ದಳು. “ಕೈಗೆ ಕೆಲಸ ಬಿಡ್ಲಾಕ ಆಗಂಗಿಲ್ಲ ತಾಯಿ, ಬಾಯಿಗೆ ಬಿಡ್ತೀನಿ ಅಂತ ಕೇಳ್ಕೊಂಡೀನ್ರಿ,” ಎಂದು ಒಮ್ಮೆ ನನಗೆ ಹೇಳಿದ್ದಳು. ಹೀಗಾಗಿ ಮಂಗಳವಾರ ಕೋಳಿ ಸುಡುವವಳು ಮರೆಮ್ಮ, ರುಚಿ ನೋಡುವವನು ಅವಳ ಗಂಡ ದೇವಾನಂದ.

ನಾನು ಅವ್ವಣ್ಣ, ಚಿತ್ತಾಪುರದ ಕಡೆಯವನು. ಇಲ್ಲಿ ಆಫೀಸಿನವರನ್ನು ಕರೆತರುವ, ಬಿಡುವ ಕಾರು ಓಡಿಸುತ್ತೇನೆ. ಬೆಳಗಿನ ಜನರನ್ನು ಇಳಿಸಿದ ಮೇಲೆ ಸಂಜೆಯ ತನಕ ನಾನು ನನ್ನವನು. ಆ ಹೊತ್ತಿನಲ್ಲಿ ಕಾರನ್ನು ಬೇವಿನ ನೆರಳಿಗೆ ಹಚ್ಚಿ ಮರೆಮ್ಮನ ಗಾಡಿಗೆ ಹೋಗದಿದ್ದರೆ ನನಗೆ ಊಟ ಮಾಡಿದಂತೆಯೇ ಆಗುವುದಿಲ್ಲ.

ಆ ಗಾಡಿಯನ್ನು ನೀವು ನೋಡಬೇಕು. ಒಂದು ಕಾಲಕ್ಕೆ ಸಿಮೆಂಟು ಹೊತ್ತು ದಣಿದ ಹಳೆಯ ಟೆಂಪೊ. ಅದರ ಒಂದು ಮಗ್ಗುಲನ್ನು ಕೊಯ್ದು, ಮೇಲೆತ್ತಿದರೆ ಚಪ್ಪರವಾಗುವ ಹಾಗೆ ಮಾಡಿದ್ದಾರೆ. ದೇವಾನಂದ ಮೊದಲು ಕಟ್ಟಡಗಳಲ್ಲಿ ಕಬ್ಬಿಣದ ಸಳಿ ಬಗ್ಗಿಸಿ ಕಟ್ಟುತ್ತಿದ್ದವನು. ಮರೆಮ್ಮ ಸ್ಲ್ಯಾಬಿಗೆ ಬುಟ್ಟಿ ಹೊರುತ್ತಿದ್ದವಳು. ಈ ರಸ್ತೆಯ ಎಷ್ಟೋ ಕಟ್ಟಡಗಳಲ್ಲಿ ಅವರಿಬ್ಬರ ಬೆವರಿದೆ. ಕೋಳಿ ಸುಡುವ ಜಾಲರಿಯನ್ನು ದೇವಾನಂದನೇ ಬಗ್ಗಿಸಿ ಮಾಡಿದ್ದು. ಕೆಳಗೆ ಅರ್ಧ ಸೀಳಿದ ಡ್ರಮ್ಮು, ಅದರ ತುಂಬ ಜಾಲಿ ಕಟ್ಟಿಗೆಯ ಇದ್ದಿಲು. ಮುಂದಿನ ಹಲಗೆಯ ಮೇಲೆ ‘ಬಾರ್ಬೆಕ್ಯೂ’ ಎಂದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದಾನೆ. ಮರೆಮ್ಮ ಮಾತ್ರ ಅದನ್ನು ‘ನಮ್ಮ ಸುಡು ಗಾಡಿ’ ಎನ್ನುತ್ತಾಳೆ. ಹಾಗನ್ನಬೇಡ ಮಾರಾಯ್ತಿ, ಕೇಳಿದವರು ಹೆದರಿ ಓಡಿಯಾರು ಎಂದರೆ, “ಓಡಲಿ ಬಿಡ್ರಿ, ವಾಸನಿ ಹಿಡದು ತಿರುಗಿ ಬರ್ತಾರ,” ಎನ್ನುತ್ತಾಳೆ. ಬರುತ್ತಾರೆ ಕೂಡ.

ಅವಳು ಬೆಂಕಿ ಸಾಕುವ ರೀತಿಯೇ ಬೇರೆ. ಹೌದು, ಸಾಕುವುದು. ಕೆಂಡವನ್ನು ಡ್ರಮ್ಮಿನ ಒಂದು ಬದಿಗೆ ರಾಶಿ ಮಾಡಿ, ಇನ್ನೊಂದು ಬದಿಗೆ ತೆಳ್ಳಗೆ ಹರಡುತ್ತಾಳೆ. ಕೋಳಿ ಮೊದಲು ಜೋರು ಕೆಂಡದ ಮೇಲೆ ಬಣ್ಣ ಹಿಡಿದು, ಆಮೇಲೆ ತೆಳು ಕೆಂಡದ ಕಡೆಗೆ ಸರಿದು ಒಳಗೊಳಗೇ ಬೇಯಬೇಕು. ಗಾಳಿ ಹಾಕುವುದಕ್ಕೆ ಊರಿನಿಂದ ತಂದ ಮೊರ. ಬೇರೆ ಗಾಡಿಯವರು ಫ್ಯಾನು ಇಟ್ಟುಕೊಂಡಿದ್ದಾರೆ, ಇವಳಿಗೆ ಅದು ಸೇರುವುದಿಲ್ಲ. “ಫ್ಯಾನಿಗೆ ಸಾಕು ಅನ್ನೂದು ಗೊತ್ತಾಗಂಗಿಲ್ರಿ,” ಎನ್ನುತ್ತಾಳೆ.

ಇಂಥ ಗಾಡಿಗೆ ಬರುವ ಗುರುವಾರದಿಂದ ನಿಲ್ಲಲು ಜಾಗವಿರುತ್ತಿರಲಿಲ್ಲ. ಚರಂಡಿ ಪೈಪು ಹಾಕುವುದಕ್ಕೆ ರಸ್ತೆಯನ್ನು ಉದ್ದಕ್ಕೂ ಅಗೆಯುತ್ತಾರೆಂದು ಬೋರ್ಡು ನೆಟ್ಟಿದ್ದರು. ಆಚೀಚೆಯ ಗಲ್ಲಿಗಳಲ್ಲೆಲ್ಲ ಬೇರೆ ಗಾಡಿಗಳು ಮೊದಲೇ ಬೇರು ಬಿಟ್ಟಿದ್ದವು. ಉಳಿದದ್ದು ಒಂದೇ ದಾರಿ. ಎದುರಿನ ಗಾಜಿನ ಕಟ್ಟಡದ ಆವರಣದೊಳಗೆ, ಗೇಟಿನ ಪಕ್ಕದಲ್ಲಿ ಒಂದು ಮೂಲೆಯಿತ್ತು. ನೆರಳಿತ್ತು, ನೀರಿನ ನಲ್ಲಿ ಇತ್ತು. ಆ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಕೆಲಸ ಮಾಡುವ ಸ್ಪಂದನಾ ಎಂಬ ಮಂಡ್ಯದ ಹುಡುಗಿ ನಮ್ಮ ಮರೆಮ್ಮನ ಕೋಳಿಗೆ ಮರುಳಾದವಳು. ಅವಳೇ ಹೋಗಿ, ಕಟ್ಟಡದ ಉಸ್ತುವಾರಿ ನೋಡುವ ಸುಲಭಾ ಮೇಡಂ ಅವರನ್ನು ಹಿಡಿದು, ಬಿಡದೆ ಹೇಳಿ, ‘ಮೊದಲು ತಿಂದು ನೋಡುತ್ತೇನೆ, ಆಮೇಲೆ ಮಾತು’ ಎನ್ನುವ ತನಕ ತಂದಿದ್ದಳು. ಆ ತಿಂದು ನೋಡುವ ದಿನವೇ ಮಂಗಳವಾರ ಬಿದ್ದಿತ್ತು.

ಸರಿ, ತುಂಡನ್ನು ಬಾಯಿಗಿಟ್ಟೆ.

ಮೊದಲು ಬಂದದ್ದು ಹೊಗೆ. ಹಿಂದೆಯೇ ಬೆಳ್ಳುಳ್ಳಿ. ಅದರ ಬೆನ್ನಿಗೆ ಖಾರ. ಇನ್ನೇನು ‘ಭೇಷ್’ ಎನ್ನಬೇಕು, ಅಷ್ಟರಲ್ಲಿ ಉಪ್ಪು ಬಂತು. ಬಂದದ್ದು ಹೋಗಲೇ ಇಲ್ಲ. ನಾಲಿಗೆಯ ಮೇಲೆ ಹಾಸಿಗೆ ಬಿಚ್ಚಿ ಮಲಗಿತು.

ನಾನು ಸುಮ್ಮನಾದೆ. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಸುಮ್ಮನಾಗುವ ಮನುಷ್ಯನಲ್ಲ.

“ಕಾಕಾ ಸುಮ್ಮನಾದ್ರು ಅಂದ್ರ ಏನೋ ಆಗೇದ,” ಎಂದಳು ಮರೆಮ್ಮ. “ಹೇಳ್ರಿ.”

“ಸ್ವಲ್ಪ ಉಪ್ಪು…”

“ಸ್ವಲ್ಪ ಅಂದ್ರ ಎಷ್ಟು?”

“ನೀ ಸಮುದ್ರ ನೋಡೀಯೇನವಾ?”

“ಇಲ್ರಿ.”

“ಇದನ್ನ ತಿಂದ್ರ ನೋಡಿದಂಗೇ.”

ಅವಳು ನಗಲಿಲ್ಲ. ಮಸಾಲೆ ಹಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿದಳು, ನೋಡಿದರೆ ಉಪ್ಪು ಕಾಣುತ್ತದೇನೋ ಎಂಬಂತೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದು ಗಂಡನಿಗೆ ಹಚ್ಚಿದಳು. ಆ ಕಡೆ ಬಸ್ಸಿನ ಗದ್ದಲ. ಕೇಳಿಸಲೆಂದು ಸ್ಪೀಕರ್ ಒತ್ತಿದಳು.

“ಮುಂಜಾನಿ ಕೋಳಿಗೆ ಉಪ್ಪು ಹಾಕಿದ್ರೇನು?”

“ಹಾಕೇ ಬಂದೀನಲ್ಲ,” ಎಂದ ದೇವಾನಂದ, ಬೆನ್ನು ತಟ್ಟಿಸಿಕೊಳ್ಳುವ ದನಿಯಲ್ಲಿ. “ನಿಂದು ವಾರ. ನೀ ನೋಡಂಗಿಲ್ಲ, ನಾ ಇರಂಗಿಲ್ಲ. ಅದಕ್ಕ ಅಳತಿ ಮಾಡಿ, ಕಲಸಿ, ನೋಡೇ ಬಂದೀನಿ.”

“ಹೇಳಬಾರದೇನು?”

“ಹ್ಯಾಂಗ ಹೇಳ್ಲಿ? ನೀ ದೇವರ ಮುಂದ ಕುಂತಿದ್ದಿ. ದೀಪ ಹಚ್ಚಿದಾಗ ಮಾತಾಡಿಸಬ್ಯಾಡ ಅಂತ ನೀನೇ ಅಂತಿ. ಸುಮ್ಮನ ಚಪ್ಪಲಿ ಕೈಯಾಗ ಹಿಡ್ಕೊಂಡು ಹೊರಗ ಬಂದೆ.”

ಮರೆಮ್ಮ ಕಣ್ಣು ಮುಚ್ಚಿ ತೆರೆದಳು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಗಂಡ ಎಲ್ಲಿ ಉಪ್ಪು ಹಾಕಿರುತ್ತಾನೆಂದು, ದೇವರ ಮುಂದಿನಿಂದ ಎದ್ದವಳೇ ತಾನೂ ಹಾಕಿದ್ದಳು. ಅವನಿಗೆ ಅವಳ ವಾರದ ಮೇಲೆ ಗೌರವ, ಅವಳಿಗೆ ಅವನ ಗಡಿಬಿಡಿಯ ಮೇಲೆ ಕನಿಕರ. ಎರಡೂ ಸೇರಿ ಕೋಳಿಯ ಮೇಲೆ ಬಿದ್ದಿದ್ದವು.

“ಯಾಕ, ಏನಾತು? ಯಾರ ಹಾಕಿದ್ರು?” ಎಂದು ಫೋನಿನೊಳಗಿಂದ ಮುದುಕಿಯೊಬ್ಬಳ ದನಿ ಬಂತು. ಮರೆಮ್ಮನ ತಾಯಿ ಯಮನವ್ವ.

“ಏನಿಲ್ಲವ್ವಾ, ಲಗೂನ ಬರ್ರಿ,” ಎಂದು ಮರೆಮ್ಮ ಫೋನು ಇಟ್ಟಳು.

ಅಷ್ಟರಲ್ಲಿ ಕೊರಳಲ್ಲಿ ಐಡಿ ಕಾರ್ಡು ಕುಣಿಸುತ್ತ ಸ್ಪಂದನಾ ಬಂದಳು. ಮುಖ ನೋಡಿಯೇ, “ಏನಾಯ್ತು ಅಂಕಲ್?” ಎಂದಳು. ಹೇಳಿದೆ. ಅವಳು ಅಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಸಿದಳು.

“ಅಯ್ಯೋ ಅಕ್ಕ. ಮೇಡಂಗೆ ನಾಳೆ ಬನ್ನಿ ಅನ್ನೋಣ ಅಂದ್ರೆ, ನಾಳೆಯಿಂದ ಅವ್ರು ಲೀವ್. ಶಿರೂರಲ್ಲಿ ಅವರ ತಮ್ಮನ ಮದುವೆ. ಬರೋಷ್ಟರಲ್ಲಿ ಇಲ್ಲಿ ರೋಡೇ ಇರಲ್ಲ.”

“ನಾಳೆ ಬ್ಯಾಡ ಬಿಡವ್ವಾ. ಇವತ್ತೇ ಆಗಲಿ.”

“ಹೊಸ ಚಿಕನ್ ತರಿಸೋಣ್ವಾ?”

“ತಂದ್ರೂ ಮಸಾಲಿ ಹಿಡೀಬೇಕಲ್ಲ. ಹಸಿ ಕೋಳಿ ಸುಟ್ಟು ಕೊಟ್ರ ಅದು ನನ್ನ ಕೋಳಿ ಅಲ್ಲ.”

ಸ್ಪಂದನಾ ಉಗುರು ಕಚ್ಚಿದಳು. ಆಮೇಲೆ ಮೆಲ್ಲಗೆ, “ಅಕ್ಕ, ನೀವೇ ಒಂದ್ಸಲ ಟೇಸ್ಟ್ ಮಾಡಿ ಉಗಿದುಬಿಡಿ. ನುಂಗೋದು ಬೇಡ. ನಿಮ್ಮ ಕೈಗೆ ಎಷ್ಟು ಸರಿ ಮಾಡ್ಬೇಕು ಅಂತ ಗೊತ್ತಾಗುತ್ತೆ. ದೇವರು ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಳಲ್ಲ,” ಎಂದಳು.

ಮರೆಮ್ಮ ಅವಳನ್ನು ಗದರಲಿಲ್ಲ. ಕೆಂಡವನ್ನು ಚಿಮಟದಿಂದ ಸರಿಸುತ್ತ ಹೇಳಿದಳು: “ದೇವರು ಬ್ಯಾಡ ಅಂದಿಲ್ಲವ್ವಾ. ಒಲ್ಲೆ ಅಂದಾಕಿ ನಾನು. ನಾ ಅಂದದ್ದು ನಾನೇ ಮುರದ್ರ, ನಾಳಿ ಆ ಮೇಡಂಗ ಏನು ಮಾತು ಕೊಡ್ಲಿ?”

ಸ್ಪಂದನಾ ಸ್ಟೂಲಿನಿಂದ ಎದ್ದು ಗಾಡಿಯ ಹತ್ತಿರ ಬಂದಳು.

“ಹಂಗಾದ್ರ ಏನು ಮಾಡ್ತಿ?” ಎಂದೆ.

“ನಾಲಿಗಿ ನಿಮ್ದದಲ್ಲ. ಇಲ್ಲೇ ನಿಂದರ್ರಿ, ಎಲ್ಲೂ ಹೋಗಬ್ಯಾಡ್ರಿ.”

ಗಿರಾಕಿಗಳಿಗೆ ಕೊಡಲೆಂದು ಬಕೆಟ್ಟಿನಲ್ಲಿ ಇಟ್ಟಿದ್ದ ಮಜ್ಜಿಗೆಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ. ಅದನ್ನು ದೊಡ್ಡ ಬೋಗುಣಿಗೆ ಸುರಿದು ನೀರು ಬೆರೆಸಿದಳು. ಕೋಳಿಯ ತುಂಡುಗಳನ್ನೆಲ್ಲ ಅದರಲ್ಲಿ ಮುಳುಗಿಸಿ, ಮಗುವಿನ ಬಟ್ಟೆ ಒಗೆಯುವ ಹಾಗೆ ಮೆತ್ತಗೆ ಹಿಂಡಿ ಹಿಂಡಿ ತೆಗೆದಳು. ಕೆಂಪು ಮಸಾಲೆ ಬಿಟ್ಟುಕೊಂಡು ಮಜ್ಜಿಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ಆ ಮಸಾಲೆ ಅರೆಯುವುದಕ್ಕೆ ಅವಳು ಎಷ್ಟು ಬೇಗ ಏಳುತ್ತಾಳೆಂದು ನನಗೆ ಗೊತ್ತು. ಅವಳು ಮಾತ್ರ ಬೇಸರದ ಉಸಿರೂ ಬಿಡಲಿಲ್ಲ. ಒಂದು ತುಂಡನ್ನು ಸಳಿಗೆ ಸಿಕ್ಕಿಸಿ ಸುಟ್ಟು ಕೊಟ್ಟಳು.

“ಹ್ಯಾಂಗದ?”

“ಮೇಲೆ ಸಪ್ಪ ಆಗೇದ. ಉಪ್ಪು ಇನ್ನೂ ಅದ.”

“ಎಲ್ಲಿ ಅದ? ಕಚ್ಚಿದಾಗ ಹತ್ತತದೋ, ಅಗಿಯೂವಾಗ ಹತ್ತತದೋ?”

ನಾನು ಹೀಗೆ ಯೋಚಿಸಿ ಯಾವತ್ತೂ ತಿಂದವನಲ್ಲ. ಕಣ್ಣು ಮುಚ್ಚಿ ಇನ್ನೊಂದು ಚೂರು ಅಗಿದೆ. “ಕಚ್ಚಿದಾಗ ಇಲ್ಲ. ಅಗೀತ ಅಗೀತ ಹಿಂದಿನಿಂದ ಬರ್ತದ.”

“ಹಂಗಾದ್ರ ಒಳಗ ಕುಂತದ. ತುಂಡು ಸಣ್ಣ ಮಾಡಬೇಕು.”

ಅವಳ ಗಾಡಿಯ ಹೆಸರೇ ಇಡೀ ಕಾಲು, ಇಡೀ ತೊಡೆ ಕೊಡುವುದಕ್ಕೆ. ಆ ದೊಡ್ಡ ದೊಡ್ಡ ತುಂಡುಗಳನ್ನು ಮೂಳೆ ಬಿಡಿಸಿ ಸಣ್ಣಗೆ ಕೊಚ್ಚತೊಡಗಿದಳು. ಅವಳ ಹೆಮ್ಮೆಯೇ ತುಂಡಾಗುತ್ತಿದೆಯೇನೋ ಎಂದು ನನಗನ್ನಿಸಿತು. ಆದರೆ ಚಾಕು ಎಲ್ಲೂ ತಡವರಿಸಲಿಲ್ಲ. ಮತ್ತೆ ಮಜ್ಜಿಗೆ, ಮತ್ತೆ ಹಿಂಡುವುದು. ಈ ಸಲ ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಖಾರದ ಪುಡಿ, ಹುರಿದ ಶೇಂಗಾದ ಪುಡಿ ಕಲಸಿ ಹಚ್ಚಿದಳು. ಸ್ಪಂದನಾ ಕಾರ್ಡನ್ನು ಬೆನ್ನಿಗೆ ತಿರುಗಿಸಿಕೊಂಡು ಉಳ್ಳಾಗಡ್ಡಿ ಹೆಚ್ಚಲು ನಿಂತಳು.

“ದಪ್ಪ ಹೆಚ್ಚಬ್ಯಾಡವ್ವಾ, ಅದು ಕಟ್ಟಿಗಿ ಅಲ್ಲ,” ಎಂದಳು ಮರೆಮ್ಮ.

“ನಮ್ಮನೇಲಿ ಅಮ್ಮ ನನ್ನ ಅಡುಗೆಮನೆಗೇ ಬಿಡ್ತಿರ್ಲಿಲ್ಲ ಅಕ್ಕ.”

“ಯಾಕ ಅಂತ ಈಗ ತಿಳೀತು.”

ಮುಂದಿನ ತುಂಡು ಬಂತು. ತಿಂದೆ.

“ಈಗ ಹ್ಯಾಂಗದ?”

“ಬೀಗರು ಬಂದು ಹೊಸ್ತಿಲ ಮ್ಯಾಲೆ ನಿಂತಂಗ ಅದ,” ಎಂದೆ. “ಒಳಗೂ ಬರವಲ್ಲರು, ಹೊಳ್ಳಿನೂ ಹೋಗವಲ್ಲರು.”

ಮರೆಮ್ಮ ಮೊದಲ ಸಲ ನಕ್ಕಳು. “ತಿಳೀತು ಬಿಡ್ರಿ. ಬೀಗರಿಗೆ ಒಂದು ಮಣಿ ಹಾಕಿದ್ರ ಕುಂಡ್ರತಾರ.”

ಬೀಗರು ಕೂರಲು ಅವಳು ಹಾಕಿದ ಮಣೆ ಎಂದರೆ ಜೋಳದ ರೊಟ್ಟಿ. ಅವಳ ರೊಟ್ಟಿಗೆ ಉಪ್ಪು ಬೀಳುವುದಿಲ್ಲ. ಮೂಲೆಯ ಗ್ಯಾಸಿನ ಒಲೆ ಹೊತ್ತಿಸಿ ಹಂಚು ಇಟ್ಟು, ಹಿಟ್ಟು ನಾದಿ, ಪರಾತದಲ್ಲಿ ತಟ್ಟತೊಡಗಿದಳು. ದಿನಾ ಬಡಿಯುವ ತೆಳು ರೊಟ್ಟಿಯಲ್ಲ, ಇದು ತುಸು ದಪ್ಪ, ಮೆತ್ತಗೆ, ಮಡಚಿದರೆ ಮುರಿಯದ್ದು. ಆ ತಟ್ಟುವ ಸದ್ದು ಕೇಳಿ ರಸ್ತೆಯಾಚೆ ನಿಂತಿದ್ದ ಗೌಂಡಿ ಕೆಲಸದ ಇಬ್ಬರು ತಲೆ ಎತ್ತಿ ನೋಡಿದರು. ರೊಟ್ಟಿ ಉಬ್ಬಿತು. ಅದರ ಮೇಲೆ ಕೆಂಡದಿಂದ ಆಗಷ್ಟೇ ಇಳಿದ ಕೋಳಿ, ಸವತೆಕಾಯಿ, ಉಳ್ಳಾಗಡ್ಡಿ, ಒಂದು ಚಮಚ ಮೊಸರು. ಮಡಚಿ ನನ್ನ ಕೈಗೆ ಕೊಟ್ಟಳು.

ಕಚ್ಚಿದೆ.

ಹೇಗೆ ಹೇಳಲಿ. ಮೊದಲು ಬಿಸಿ ಜೋಳದ ಸಪ್ಪೆ ಸಿಹಿ. ಅದರೊಳಗಿಂದ ಹೊಗೆ ಮೆಲ್ಲಗೆ ಎದ್ದಿತು. ಶೇಂಗಾ ಕೆಂಡದ ಮೇಲೆ ಇನ್ನೊಮ್ಮೆ ಹುರಿದುಕೊಂಡು ಗರಿಗರಿಯಾಗಿತ್ತು, ಮೊಸರು ತಣ್ಣಗಿತ್ತು, ಕೋಳಿಯ ರಸ ರೊಟ್ಟಿಯ ಮಡಿಕೆಯೊಳಗೆ ಇಳಿದಿತ್ತು. ಹೊಸ್ತಿಲಲ್ಲಿ ನಿಂತಿದ್ದ ಉಪ್ಪು ಒಳಗೆ ಬಂದು ಎಲ್ಲರ ನಡುವೆ ಕುಳಿತು ಮಾತಿಗೆ ತೊಡಗಿತ್ತು. ಪುಣೆಗೆ ಬಂದ ಮೇಲೆ ನಾನು ಬೀದಿಯಲ್ಲಿ ತಿಂದ ಊಟಗಳೇನು ಕಡಿಮೆಯಲ್ಲ. ಆದರೆ ಕೈಯಲ್ಲಿರುವುದು ಮುಗಿದುಹೋಗುತ್ತದಲ್ಲ ಎಂದು ತುತ್ತು ಸಣ್ಣ ಮಾಡಿಕೊಂಡು ತಿಂದದ್ದು ಅದೊಂದೇ.

“ಕಾಕಾ ಮತ್ತ ಸುಮ್ಮನಾದ್ರು,” ಎಂದಳು ಮರೆಮ್ಮ. ದನಿಯಲ್ಲಿ ಹೆದರಿಕೆಯಿತ್ತು. “ಹೇಳ್ರಿ, ಈಗೇನಾತು?”

“ತಡಿಯವಾ,” ಎಂದೆ. “ತಿನ್ಲಕತ್ತೀನಿ.”

ಅವಳು ಗಾಡಿಯ ಕಂಬಕ್ಕೆ ಒರಗಿ ನಿಂತಳು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ತಾನು ಮಾಡಿದ್ದರ ರುಚಿ ನನ್ನ ಮುಖದಲ್ಲಿ ಓದುವುದರ ಹೊರತು ಅವಳಿಗೆ ಬೇರೆ ದಾರಿಯಿರಲಿಲ್ಲ. ಓದಿಕೊಂಡಳೆಂದು ಕಾಣುತ್ತದೆ. ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಸುಲಭಾ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಗೇಟಿನಿಂದ ಹೊರಬಂದರು. ನಡುವಯಸ್ಸಿನ ಹೆಂಗಸು, ಕಾಟನ್ ಸೀರೆ, ಕೊರಳಲ್ಲಿ ಸರದ ಜೊತೆಗೆ ಕನ್ನಡಕದ ದಾರ. ಬಂದವರೇ ಕೋಳಿಯನ್ನು ನೋಡಲಿಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿದರು, ನೀರಿನ ಕ್ಯಾನಿನ ಮುಚ್ಚಳ ತೆಗೆದು ನೋಡಿದರು, ಮರೆಮ್ಮನ ಉಗುರು ನೋಡಿದರು. ಹಿಂದೊಮ್ಮೆ ಯಾರೋ ಊಟ ತರಿಸಿದ್ದರಂತೆ, ತಿಂದ ಒಂದು ಇಡೀ ಅಂತಸ್ತು ಹಾಸಿಗೆ ಹಿಡಿದಿತ್ತಂತೆ. ಅಂದಿನಿಂದ ಹೀಗೆ ಎಂದು ಸ್ಪಂದನಾ ನನ್ನ ಕಿವಿಯಲ್ಲಿ ಹೇಳಿದಳು.

ಮರೆಮ್ಮ ಮಡಚಿದ ರೊಟ್ಟಿಯನ್ನು ಬಾಳೆಲೆಯ ತುಂಡಿನ ಮೇಲಿಟ್ಟು ಎರಡೂ ಕೈಯಿಂದ ಕೊಟ್ಟಳು. ಸುಲಭಾ ಮೇಡಂ ಅದನ್ನು ಇಸಿದುಕೊಂಡರು, ಮೂಸಿದರು, ತಿರುಗಿ ಅವಳ ಕಡೆಗೇ ಚಾಚಿದರು.

“ಆಧೀ ತೂ ಖಾ,” ಎಂದರು. ಮೊದಲು ನೀನು ತಿನ್ನು.

ಮರೆಮ್ಮ ಕಟ್ಟಡದ ಕೆಲಸದಲ್ಲೇ ಮರಾಠಿ ಕಲಿತವಳು. ಮರಾಠಿಯಲ್ಲೇ ಹೇಳಿದಳು: “ಇವತ್ತು ನನ್ನ ವಾರ, ಮೇಡಂ. ನಾನು ಮುಟ್ಟುವುದಿಲ್ಲ.”

“ವಾರ ನಾನೂ ಹಿಡಿಯುತ್ತೇನೆ, ಗುರುವಾರ. ಅದು ಬೇರೆ ಮಾತು. ಮಾಡಿದವಳು ತಿನ್ನದ್ದನ್ನು ನಾನು ನನ್ನ ಜನಕ್ಕೆ ಹೇಗೆ ತಿನ್ನಿಸಲಿ?”

“ಇವರು ತಿಂದು ನೋಡಿದ್ದಾರೆ,” ಎಂದು ಮರೆಮ್ಮ ನನ್ನನ್ನು ತೋರಿಸಿದಳು.

ಸುಲಭಾ ಮೇಡಂ ಕನ್ನಡಕ ಏರಿಸಿ ನನ್ನ ಬಿಳಿ ಯೂನಿಫಾರ್ಮನ್ನೂ ಹೊಟ್ಟೆಯನ್ನೂ ನೋಡಿದರು. “ಡ್ರೈವರುಗಳು ಏನು ಕೊಟ್ಟರೂ ತಿನ್ನುತ್ತಾರೆ,” ಎಂದರು.

ಅದು ಪೂರ್ತಿ ಸುಳ್ಳೂ ಅಲ್ಲ. ಸ್ಪಂದನಾ, “ಮೇಡಂ, ನಾನೂ…” ಎಂದು ಶುರು ಮಾಡಿದಳು. ಅವಳನ್ನು ಅವರು ಕೈಯಿಂದಲೇ ತಡೆದರು. ರೊಟ್ಟಿ ಅವರ ಅಂಗೈಯಲ್ಲಿ ಆರುತ್ತಿತ್ತು. ಮರೆಮ್ಮ ತಲೆ ತಗ್ಗಿಸಿ ನಿಂತಿದ್ದಳು. ಒಂದು ಚೂರು ಬಾಯಿಗಿಟ್ಟರೆ ನೆರಳು, ನೀರು, ಜಾಗ ಎಲ್ಲ ಅವಳದಾಗುತ್ತಿತ್ತು. ಅವಳ ಕೈ ಸೆರಗಿನ ತುದಿಯನ್ನು ಬಿಗಿ ಹಿಡಿದಿತ್ತೇ ಹೊರತು ಮುಂದೆ ಬರಲಿಲ್ಲ.

ಆಗಲೇ ರಿಕ್ಷಾವೊಂದು ಬಂದು ಗಾಡಿಯ ಹಿಂದೆ ನಿಂತಿತು. ದೇವಾನಂದ ಗಂಟುಮೂಟೆಯ ಜೊತೆ ಇಳಿದ. ಅವನ ಹೆಗಲು ಹಿಡಿದು ಯಮನವ್ವ ಇಳಿದಳು. ಕಾಸಗಲ ಕುಂಕುಮ, ಇಳಕಲ್ ಸೀರೆ, ಮೊಣಕಾಲು ಬಗ್ಗದೆ ಪಕ್ಕಕ್ಕೆ ವಾಲಿಸಿ ಹಾಕುವ ಹೆಜ್ಜೆ. ಬಂದವಳೇ ಎಲ್ಲರ ಮುಖ ನೋಡಿದಳು.

“ಯಾಕಪ್ಪಾ, ಎಲ್ಲಾರೂ ಹಿಂಗ ನಿಂತೀರಿ? ಯಾರಿಗೆ ಏನಾಗೇದ?”

ನಾನು ಕನ್ನಡದಲ್ಲಿ ಹೇಳಿದೆ. ಮೇಡಂ ಬಂದದ್ದು, ಜಾಗದ ಮಾತು, ಮಾಡಿದವಳೇ ಮೊದಲು ತಿನ್ನಬೇಕೆಂದದ್ದು, ಮಗಳದು ವಾರ ಎಂಬುದು, ಎಲ್ಲ. ಮುದುಕಿ ಹೂಂ ಹೂಂ ಎನ್ನುತ್ತ ಕೇಳಿದಳು.

“ಇಷ್ಟೇ ಏನು? ತಾ ಇಲ್ಲಿ, ನಾ ತಿಂತೀನಿ.”

“ಅವ್ವಾ,” ಎಂದಳು ಮರೆಮ್ಮ, “ಇವತ್ತ ಮಂಗಳವಾರ.”

“ಗೊತ್ತದ. ಮೊಣಕಾಲು ಬಿದ್ದ ಮ್ಯಾಲೆ ಎಲ್ಲಮ್ಮನ ಗುಡ್ಡ ಹತ್ತಲಾಕ ಆಗಲಿಲ್ಲ ಅಂತ, ತಾಯಿ ಮುಂದ ನಿಂತು, ಉಡಿ ತುಂಬಿ, ನನ್ನ ವಾರ ನಿನಗ ಕೊಟ್ಟು ಬಿಟ್ಟೀನಿ. ಕೊಟ್ಟದ್ದು ಕೊಟ್ಟಂಗೇ. ಈಗ ವಾರ ನಿಂದು, ಹಲ್ಲು ನಂದು.”

ದೇವಾನಂದ ಒಂದು ಕ್ರೇಟನ್ನು ಬೋರಲು ಹಾಕಿದ. ಯಮನವ್ವ ಕೈ ತೊಳೆದು, ಬಾಯಿ ಮುಕ್ಕಳಿಸಿ ಅದರ ಮೇಲೆ ಕುಳಿತಳು. ಸುಲಭಾ ಮೇಡಂಗೆ ನಾನು ಇಷ್ಟು ಹೇಳಿದೆ: “ಇವಳ ತಾಯಿ. ವಾರ ಹಿಡಿಯುವುದನ್ನು ಮಗಳಿಗೆ ಒಪ್ಪಿಸಿದ್ದಾಳೆ. ಅಡುಗೆ ಕಲಿಸಿದವಳೂ ಇವಳೇ. ಇವಳು ತಿನ್ನುತ್ತಾಳೆ.” ಮೇಡಂ ತಮ್ಮ ಕೈಯಲ್ಲಿದ್ದುದನ್ನೇ ನಡುವೆ ಹರಿದು ಅರ್ಧವನ್ನು ಮುದುಕಿಯ ಕೈಗಿಟ್ಟರು.

ಯಮನವ್ವನಿಗೆ ಇದ್ದ ಹಲ್ಲುಗಳು ಒಂದಕ್ಕೊಂದು ದೂರ ದೂರ. ಅವಳು ಯಾರಿಗಾಗಿಯೂ ಅವಸರ ಮಾಡಲಿಲ್ಲ. ಒಮ್ಮೆ ಈ ದವಡೆ, ಒಮ್ಮೆ ಆ ದವಡೆ. ನುಂಗಿ, ನಾಲಿಗೆಯಿಂದ ಹಲ್ಲಿನ ಸಂದು ಹುಡುಕಿ, ಮಗಳ ಕಡೆ ನೋಡಿದಳು.

“ಉಪ್ಪು ಒಂದು ಚಿಟಿಕಿ ಮುಂದದ. ರೊಟ್ಟಿ ಸಂಭಾಳಿಸೇದ. ರೊಟ್ಟಿ ಇರಲಿಲ್ಲಾಂದ್ರ ನಾಯಿನೂ ತಿಂತಿದ್ದಿಲ್ಲ.”

ಸ್ಪಂದನಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಏನಂದಳು?” ಎಂದು ಸುಲಭಾ ಮೇಡಂ ನನ್ನನ್ನೇ ಕೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಮೇಡಂ ಬೆನ್ನ ಹಿಂದಿನಿಂದ ದೇವಾನಂದ ಕಣ್ಣು, ಹುಬ್ಬು, ಗದ್ದ ಎಲ್ಲವನ್ನೂ ಬಳಸಿ, ‘ಚಲೋ ಅದ ಅಂತ ಹೇಳು’ ಎನ್ನುತ್ತಿದ್ದ. ಮರಾಠಿಯಲ್ಲಿ ಸಿಹಿ ಮಾತು ನನಗೂ ಬರುತ್ತದೆ, ಎಷ್ಟೋ ಪ್ರಯಾಣಿಕರನ್ನು ಹಾಗೇ ಸಮಾಧಾನ ಮಾಡಿದ್ದೇನೆ. ಆದರೆ ಒಂದು ಚೂರು ಬಾಯಿಗಿಟ್ಟುಕೊಳ್ಳದೆ ನಿಂತವಳು ನನ್ನ ಎದುರಿಗೇ ಇದ್ದಳು. ನಾಯಿಯ ಮಾತನ್ನೂ ಬಿಡದೆ, ಮುದುಕಿ ಅಂದದ್ದನ್ನು ಅಂದ ಹಾಗೇ ಹೇಳಿದೆ.

ನಾನು ಮುಗಿಸುವ ಮೊದಲೇ ಮರೆಮ್ಮ ಬಾಯಿ ತೆರೆದಳು. “ಖರೆ ಅದು, ಮೇಡಂ. ಮುಂಜಾನೆ ನಮ್ಮ ಮನೆಯವರೂ ಉಪ್ಪು ಹಾಕಿದರು, ಗೊತ್ತಿಲ್ಲದೆ ನಾನೂ ಹಾಕಿದೆ. ಮಜ್ಜಿಗೆಯಲ್ಲಿ ತೊಳೆದೆ, ಸಣ್ಣಗೆ ಕೊಚ್ಚಿದೆ, ರೊಟ್ಟಿಯಲ್ಲಿ ಕಟ್ಟಿದೆ. ದಿನಾ ನಾನು ಕೊಡುವುದು ಇದಲ್ಲ. ಇವತ್ತು ಆದದ್ದು ಇದು.”

ಸುಲಭಾ ಮೇಡಂ ತಮ್ಮ ಪಾಲಿನ ಅರ್ಧವನ್ನು ತಿಂದರು. ನಿಂತಲ್ಲೇ, ಬಾಳೆಲೆಗೆ ಅಂಟಿದ ಶೇಂಗಾದ ಪುಡಿಯನ್ನು ಬೆರಳಿಂದ ತೆಗೆದು ನೆಕ್ಕುವ ತನಕ ತಿಂದರು. ತಿನ್ನುವಾಗ ಅವರ ಮುಖ ಬಿಗಿಯಾಗಿಯೇ ಇತ್ತು. ಕಣ್ಣು ಮಾತ್ರ ಒಮ್ಮೆ ತಾನಾಗಿ ಮುಚ್ಚಿಕೊಂಡಿತು. ಇಂಥವು ನನ್ನ ಕಣ್ಣಿಗೆ ತಪ್ಪುವುದಿಲ್ಲ.

“ಒಂದು ಚಿಟಿಕೆ ಹೆಚ್ಚಿದೆ. ಮುದುಕಿ ಹೇಳಿದ್ದು ಸರಿ,” ಎಂದರು. “ಮೇಲಿನ ನನ್ನ ಜನ ಏನು ಕೊಟ್ಟರೂ ‘ಫಸ್ಟ್ ಕ್ಲಾಸ್’ ಎನ್ನುತ್ತಾರೆ. ಹೊಟ್ಟೆ ಕೆಟ್ಟ ಮೇಲೆ ನನ್ನ ಹತ್ತಿರ ಬರುತ್ತಾರೆ. ಮೊದಲೇ ಹೇಳುವವರು ಸಿಗುವುದಿಲ್ಲ.” ನೀರು ಕುಡಿದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. “ನಾಳೆಯಿಂದ ಒಳಗೆ ನಿಲ್ಲಿಸಿ. ಈ ರೊಟ್ಟಿಯದೂ ಇರಲಿ, ಬರೀ ತುಂಡು ಬೇಡ. ಮಂಗಳವಾರ ಈ ಅಜ್ಜಿ ತಿನ್ನದೆ ಒಂದು ತಟ್ಟೆಯೂ ಹೊರಗೆ ಹೋಗಕೂಡದು. ಇರುತ್ತಾಳಾ, ಇಲ್ಲಾ ಊರಿಗೆ ಓಡುತ್ತಾಳಾ? ಕೇಳಿ.”

ಕೇಳಿದೆ.

“ಮಂಗಳವಾರಕ್ಕೊಮ್ಮೆ ಕೋಳಿ ತಿನ್ನೂದು ಒಂದು ನೌಕರಿ ಅಂತ ಇದ್ರ,” ಎಂದಳು ಯಮನವ್ವ, ಉಳಿದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತ, “ಹಲ್ಲಿರೂ ತನಕ ಇರ್ತೀನಿ ಅಂತ ಹೇಳು. ಹೋದ ಮ್ಯಾಲೆ ಕುಟ್ಟಿ ಕೊಡಲಿ.”

ನಾನು ಅದನ್ನು ಮರಾಠಿಗೆ ತರುವಷ್ಟರಲ್ಲಿ ಸುಲಭಾ ಮೇಡಂ ಗೇಟಿನ ಕಡೆ ತಿರುಗಿ ಕೈ ಎತ್ತಿ ತೋರಿಸಿದ್ದರು. ಕಾವಲಿನವನು ಕುರ್ಚಿಯಿಂದ ಎದ್ದು, ಆ ಮೂಲೆಗೆ ಅಡ್ಡ ಇಟ್ಟಿದ್ದ ಕೇಸರಿ ಬಣ್ಣದ ಕೋನುಗಳನ್ನು ಒಂದೊಂದಾಗಿ ಎಳೆದು ಗೋಡೆಗೆ ಹಚ್ಚಿದ. ಅಲ್ಲಿ ನೆರಳಿನಲ್ಲಿ ಮಲಗಿದ್ದ ಬಿಳಿ ನಾಯಿ ಕಣ್ಣು ಬಿಟ್ಟು, ಅವನನ್ನೂ ನಮ್ಮನ್ನೂ ನೋಡಿ, ಎದ್ದು ಮೈ ಮುರಿದು, ನಲ್ಲಿಯ ಆಚೆಗೆ ಹೋಗಿ ಮಲಗಿತು.